ಮುಖ ನೋಡಿ ಏರಿಸಿದ ಬಾವುಟ

ಆಕೆಗೆ ವಾಸನೆ ಗೊತ್ತಾಗುವುದಿಲ್ಲ. ಸೀಮೆಎಣ್ಣೆ, ಮಲ್ಲಿಗೆ, ಒಲೆಯ ಮೇಲೆ ಸೀದ ಹಾಲು, ಆಕೆಯ ಮೂಗಿಗೆ ಎಲ್ಲವೂ ನೀರಿದ್ದಂತೆ. ಹುಟ್ಟುವಾಗಲೇ ಇರಲಿಲ್ಲವೋ, ಮಗುವಾಗಿದ್ದಾಗ ಹೋಯಿತೋ ಆಕೆಗೂ ತಿಳಿಯದು. ಇಂಥ ಆಕೆಯನ್ನು ಈ ಊರು ಐವತ್ತು ವರ್ಷದಿಂದ 'ಮೂಗಿನಕ್ಕ' ಎಂದು ಕರೆಯುತ್ತಿದೆ. ಅಣಕಕ್ಕಲ್ಲ, ಹೊಗಳಿಕೆಗೆ.

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯ ದೋಣಿಕಟ್ಟೆಯ ತುದಿಯಲ್ಲಿ ಒಂದು ಕಬ್ಬಿಣದ ಕಂಬ, ಅದರ ಬುಡಕ್ಕೆ ಸಿಮೆಂಟಿನ ಜಗಲಿ. ಅರವತ್ತೆಂಟರ ಅಕ್ಕ ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾರೆ. ಪಕ್ಕದಲ್ಲಿ ಒಂದು ಚೀಲ. ಅದರೊಳಗೆ ಮಡಿಸಿಟ್ಟ ಎರಡು ಬಟ್ಟೆ, ಒಂದು ಬಿಳಿ, ಒಂದು ಕೆಂಪು. ಬಿಳಿ ಏರಿದರೆ ದೋಣಿ ನೀರಿಗೆ, ಕೆಂಪು ಏರಿದರೆ ದೋಣಿ ದಡಕ್ಕೆ. ಅಕ್ಕ ನೀರನ್ನೇ ನೋಡುತ್ತಿದ್ದಾರೆ. ಆಚೆ ದಡದ ಹತ್ತಿರ ನೀರು ಇನ್ನೂ ಗಾಜಿನಂತಿದೆ, ನಡುವಿನಲ್ಲಿ ಮಾತ್ರ ಯಾರೋ ಬೆರಳಾಡಿಸಿದ ಹಾಗೆ ಸಣ್ಣ ನಿರಿಗೆ ಎದ್ದಿದೆ.

ದೋಣಿಯವರು ಒಬ್ಬೊಬ್ಬರೇ ಬರುತ್ತಾರೆ. ಒಬ್ಬ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡೇ ಕೂಗುತ್ತಾನೆ.

"ಅಕ್ಕಾ, ಬಿಳಿ ಹಾಕ್ಬಿಡು. ಇವತ್ತೂ ಖಾಲಿ ಕೈಲಿ ಹೋದ್ರೆ ಹೆಂಡ್ತಿಗೆ ಮುಖ ತೋರ್ಸಕ್ಕಾಗಲ್ಲ."

"ಆ ಮುಖಾನ ಅವಳು ಯಾಕೆ ನೋಡ್ಬೇಕು? ಕೆಂಪು ಹಾಕಿದ್ರೆ ಅವಳಿಗೇ ಪುಣ್ಯ."

"ಹೋದ ವಾರ ಕೆಂಪು ಹಾಕ್ದೆ. ಒಂದು ಎಲೆ ಅಲ್ಲಾಡ್ಲಿಲ್ಲ. ನೆನಪಿದ್ಯಾ?"

"ನೆನಪಿದೆ ಕಣೋ. ನೀನು ಮರೆಯಕ್ಕೆ ಬಿಟ್ರೆ ತಾನೆ."

ಅಕ್ಕನ ಅಂದಾಜು ಆಗೀಗ ತಪ್ಪುತ್ತದೆ. ದೋಣಿಯವರ ಫೋನಿನಲ್ಲಿ ಹವಾಮಾನದ ಸುದ್ದಿಯೂ ಬರುತ್ತದೆ, ಅದೂ ತಪ್ಪುತ್ತದೆ. ಆದರೆ ಬಾವುಟ ಏರದೆ ದೋಣಿ ಬಿಚ್ಚಬಾರದು ಎನ್ನುವುದು ಪುರಸಭೆಯ ನಿಯಮ. ಆದ್ದರಿಂದ ಅಕ್ಕ ವರ್ಷವಿಡೀ, ಜ್ವರ ಬಂದರೂ, ಇಲ್ಲಿ ಬಂದು ಕೂರುತ್ತಾರೆ. ರಜೆಯ ದಿನ ಈ ಕಟ್ಟೆಯಿಂದ ಸಾವಿರಕ್ಕೂ ಹೆಚ್ಚು ಜನ ನೀರಿಗಿಳಿಯುತ್ತಾರೆ. ಅವರಲ್ಲಿ ಯಾರೂ ಕಂಬದ ಬುಡದಲ್ಲಿ ಕೂತವರನ್ನು ಗಮನಿಸುವುದಿಲ್ಲ. ಅಕ್ಕನೂ ಅವರನ್ನು ನೋಡುವುದಿಲ್ಲ. ಮಾತಾಡಿಸಿದರೆ ಉತ್ತರ ಕೊಡುತ್ತಾರೆ, ಕಣ್ಣು ಮಾತ್ರ ನೀರಿನ ಮೇಲೆ. ಮೊದಲ ಸಲ ಕಂಡವರು ಇದನ್ನು ಜಂಭ ಎಂದುಕೊಳ್ಳುತ್ತಾರೆ.

"ಮುಖ ನೋಡೋದು ಬಿಟ್ಟಿದೀನಿ. ಮುಖ ನೋಡಿನೇ ಹಾಳಾಗಿದ್ದು" ಎನ್ನುತ್ತಾರೆ, ಪೇಪರಿಗಾಗಿ ಮಾತಾಡಿಸಿದಾಗ.

ಬಿಳಿ ಬಟ್ಟೆ ಏರುತ್ತದೆ. ಅದರ ತುದಿ ಯಾವ ಕಡೆ ಹಾರುತ್ತದೆ ಎಂದು ಅಕ್ಕ ಒಮ್ಮೆ ತಲೆ ಎತ್ತಿ ನೋಡುತ್ತಾರೆ. ಆಮೇಲೆ ಹಗ್ಗ ಬಿಗಿಯುತ್ತಾರೆ.

ಈ ಊರಿಗೆ ಈಗ ಎಪ್ಪತ್ತು ವರ್ಷ. ಮೊದಲು ಇಲ್ಲಿ ಕೆರೆ ಮಾತ್ರ ಇತ್ತು. ಆಮೇಲೆ ಪೂರ್ವ ದಡಕ್ಕೆ ತೊಗಲು ಹದ ಮಾಡುವ ಕಾರ್ಖಾನೆ ಬಂತು, ನೀರು ಪುಕ್ಕಟೆ ಸಿಗುತ್ತದೆಂದು. ಕಾರ್ಖಾನೆಯ ಬೆನ್ನಿಗೆ ಕೆಲಸಗಾರರ ಸಾಲುಮನೆ ಬಂತು. ತೊಗಲು ಕೊಳ್ಳಲು ದೂರದಿಂದ ಬರುವ ವ್ಯಾಪಾರಿಗಳಿಗೆ ಸಂಜೆ ಹೊತ್ತು ಕಳೆಯುವುದು ಕಷ್ಟವಾಯಿತು. ಯಜಮಾನ ಪಶ್ಚಿಮ ದಡದಲ್ಲಿ ಅವರಿಗಾಗಿ ನಾಲ್ಕು ಬೆಂಚು ಹಾಕಿಸಿದ, ಎರಡು ದೋಣಿ ಬಿಡಿಸಿದ. ವ್ಯಾಪಾರಿಗಳು ಮರುವರ್ಷ ಹೆಂಡತಿ ಮಕ್ಕಳನ್ನು ಕರೆತಂದರು. ಬೆಂಚುಗಳು ತೋಟವಾದವು, ತೋಟದ ನಡುವೆ ವಾದ್ಯದವರ ಮಂಟಪ ಎದ್ದಿತು, ಹಿಂದೆ ಹೋಟೆಲು ಬಂತು. ಇವತ್ತು ಪ್ರವಾಸಿಗಳು ಓಡಾಡುವ ಕೆರೆದಂಡೆ ಹುಟ್ಟಿದ್ದು ಹೀಗೆ. ಮೊದಲ ದೋಣಿಗಳ ಆಸನಕ್ಕೆ ಹೊದಿಸಿದ್ದೂ ಇದೇ ಕಾರ್ಖಾನೆಯ ತೊಗಲು. ಪೂರ್ವ ದಡದಲ್ಲಿ ದುಡಿಮೆ, ಪಶ್ಚಿಮ ದಡದಲ್ಲಿ ಮೋಜು, ಎರಡಕ್ಕೂ ಯಜಮಾನ ಒಬ್ಬನೇ.

ತೊಂದರೆ ಕೊಟ್ಟಿದ್ದು ಗಾಳಿ. ಗಾಳಿ ಪೂರ್ವದಿಂದ ಬೀಸಿದ ದಿನ ಕಾರ್ಖಾನೆಯ ನಾತ ನೀರು ದಾಟಿ ನೇರ ತೋಟಕ್ಕೆ ಬರುತ್ತಿತ್ತು. ಅತಿಥಿಗಳು ಎದ್ದು ಹೋಗುತ್ತಿದ್ದರು. ಅದಕ್ಕೆ ಯಜಮಾನ ಒಂದು ಉಪಾಯ ಮಾಡಿದ. ತೋಟದ ಕಡೆ ಈ ಕಂಬ ನೆಡಿಸಿ ಒಬ್ಬರನ್ನು ಕೂರಿಸುವುದು. ನಾತ ಬಂದ ಕೂಡಲೆ ಅವರು ಹಳದಿ ಬಾವುಟ ಏರಿಸಬೇಕು. ಆಚೆ ದಡದಲ್ಲಿ ಅದು ಕಂಡ ಕೂಡಲೆ ಕಾರ್ಖಾನೆಯವರು ತೊಗಲು ನೆನೆಹಾಕುವ ತೊಟ್ಟಿಗಳ ಮೇಲೆ ಹಲಗೆ ಮುಚ್ಚಳ ಎಳೆದು, ಆ ತೊಟ್ಟಿಮನೆಯ ಕಿಟಕಿ, ಗವಾಕ್ಷಿ ಎಲ್ಲ ಮುಚ್ಚಬೇಕು. ಒಂದು ಸಲ ಏರಿಸಿದ ಬಾವುಟವನ್ನು ಒಂದು ಗಂಟೆ ಇಳಿಸುವಂತಿಲ್ಲ. ಕೆಲಸ ಮಾತ್ರ ನಿಲ್ಲುವಂತಿಲ್ಲ.

ಆ ಕಂಬದ ಕೆಲಸಕ್ಕೆ ಅಕ್ಕ ಸೇರಿದಾಗ ಹದಿನಾರು ವರ್ಷ. ಸಾಲುಮನೆಯಲ್ಲೇ ಹುಟ್ಟಿದ ಹುಡುಗಿ. ಅಪ್ಪ ತೊಟ್ಟಿಮನೆಯ ಆಳು.

"ಮ್ಯಾನೇಜರು ಅಪ್ಪನ್ನ ಕರೆದು ಹೇಳಿದ್ರಂತೆ, ನಿಮ್ಮ ಮಕ್ಕಳು ತೊಗಲಿನ ಮಧ್ಯಾನೇ ಬೆಳೆದಿರೋವು, ಅದರ ವಾಸನೆ ಅವಕ್ಕಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತೆ ಅಂತ. ಅಪ್ಪನೂ ಹೌದು ಸ್ವಾಮಿ ಅಂದ. ನಾನೂ ಹೌದು ಅಂದೆ. ವಾಸನೆ ಅಂದ್ರೆ ಏನು ಅಂತಾನೇ ನಂಗೆ ಗೊತ್ತಿರ್ಲಿಲ್ಲ ನೋಡಿ."

ಇದು ತಮಾಷೆಯಲ್ಲ. ಸಾಲುಮನೆಯಲ್ಲಿ ಅವಳ ಸುತ್ತಲಿದ್ದ ತೊಟ್ಟಿಮನೆಯ ಆಳುಗಳಲ್ಲಿ ಯಾರಿಗೂ ಮೂಗು ಕೆಲಸ ಮಾಡುತ್ತಿರಲಿಲ್ಲ. ಯಾರಿಗೂ ಇಲ್ಲದ್ದನ್ನು ಯಾರೂ ಇಲ್ಲವೆಂದು ಗುರುತಿಸಲಿಲ್ಲ. ವಾಸನೆ ಎಂದರೆ ಇತರರ ಮುಖದಲ್ಲಿ ಕಾಣುವ ಏನೋ ಒಂದು ಎಂದು ಆ ಹುಡುಗಿ ತಿಳಿದುಕೊಂಡಿದ್ದಳು. ಮೂಗು ಸುಕ್ಕಾಗುತ್ತದೆ, ಹುಬ್ಬುಗಳು ಹತ್ತಿರ ಬರುತ್ತವೆ, ಕೈ ಜೇಬಿಗೆ ಹೋಗುತ್ತದೆ, ಕರವಸ್ತ್ರ ಹೊರಗೆ ಬರುತ್ತದೆ. ಅದೇ ವಾಸನೆ. ಅವಳು ಕಂಬದ ಬುಡದಲ್ಲಿ ನಿಂತು ಬೆಂಚುಗಳತ್ತ ತಿರುಗಿ ಮುಖಗಳನ್ನು ಕಾದಳು. ಮೂರು ಕರವಸ್ತ್ರ ಮೇಲೆದ್ದರೆ ಹಗ್ಗ ಎಳೆದಳು. ಅತಿಥಿಗಳು ಬೆರಗಾದರು. ತಾವು ಬಾಯಿ ಬಿಟ್ಟು ದೂರುವ ಮೊದಲೇ ಬಾವುಟ ಏರುತ್ತದಲ್ಲ! ಮ್ಯಾನೇಜರು ಬೆನ್ನು ತಟ್ಟಿದರು. 'ಮೂಗಿನಕ್ಕ' ಎಂಬ ಹೆಸರು ಬಿದ್ದದ್ದು ಆಗ.

"ಹೆಮ್ಮೆ ಇತ್ತಾ ಅಂತ ಕೇಳಿ. ಇತ್ತು. ಸಾಲುಮನೇಲಿ ಕಾಲಿಗೆ ಚಪ್ಪಲಿ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿದ್ದೋಳು ನಾನೊಬ್ಳೇ. ತೊಗಲಿನ ಕಾರ್ಖಾನೆ, ನೋಡಿ! ಉಳಿದವರಿಗೆಲ್ಲ ಬರಿಗಾಲು."

ಅಕ್ಕ ಈಗಲೂ ಅದೇ ಸಾಲುಮನೆಯಲ್ಲಿದ್ದಾರೆ. ಎರಡು ಕೋಣೆ, ಮಧ್ಯೆ ಒಂದು ಪರದೆ. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ತಮ್ಮ ಮತ್ತು ಅವರ ಹೆಂಡತಿ. ಅಕ್ಕನಿಗೆ ಮದುವೆಯಾಗಿಲ್ಲ. "ಯಾರೂ ಕೇಳ್ಲಿಲ್ಲ, ನಾನೂ ಒತ್ತಾಯ ಮಾಡ್ಲಿಲ್ಲ" ಎನ್ನುತ್ತಾರೆ. ತಮ್ಮನ ಹೆಂಡತಿ ಒಲೆಯ ಮುಂದಿನಿಂದಲೇ ನಗುತ್ತಾರೆ. "ಸುಳ್ಳು. ಒಬ್ಬ ಕೇಳಿದ್ದ. ನಮ್ಮತ್ತಿಗೆ ಅವನ ಮುಖಾನೇ ನೋಡ್ಲಿಲ್ಲ."

ತಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದಾರೆ. ಎರಡೂ ಕಣ್ಣು ಕೆಂಪು, ಸದಾ ಒಸರುತ್ತವೆ. ಕೈಯಲ್ಲಿ ಮಾಸಿದ ಹಳದಿ ಬಟ್ಟೆಯ ಚೌಕವೊಂದಿದೆ, ಮಾತಿನ ನಡುನಡುವೆ ಒತ್ತಿಕೊಳ್ಳುತ್ತಾರೆ. ಅದು ಆ ಹಳದಿ ಬಾವುಟದ್ದೇ ತುಂಡು. ಇಪ್ಪತ್ತಮೂರು ವರ್ಷಗಳ ಹಿಂದೆ ಕಾರ್ಖಾನೆ ಮುಚ್ಚಿದ ದಿನ ಅಕ್ಕ ಅದನ್ನು ಮನೆಗೆ ತಂದು ಕತ್ತರಿಸಿದರು.

"ಎಂಟು ಚೌಕ ಆಯ್ತು. ಈಗ ಎರಡೇ ಉಳಿದಿರೋದು" ಎನ್ನುತ್ತಾರೆ ತಮ್ಮ. "ಒಳ್ಳೇ ಬಟ್ಟೆ. ಯಜಮಾನ ಬಾವುಟಕ್ಕೆ ಮಾತ್ರ ಜಿಪುಣತನ ಮಾಡಿರ್ಲಿಲ್ಲ."

ತಮ್ಮ ಹದಿನೈದರಲ್ಲೇ ಅಪ್ಪನ ಜೊತೆ ತೊಟ್ಟಿಮನೆಗೆ ಸೇರಿದವರು. ಹಸಿ ತೊಗಲನ್ನು ಸುಣ್ಣ ಮತ್ತು ರಾಸಾಯನಿಕದ ನೀರಿನಲ್ಲಿ ನೆನೆಹಾಕಿ ಕೂದಲು ಬಿಡಿಸುವ ಜಾಗ ಅದು. ಒಳಗೆ ಹನ್ನೊಂದು ಆಳು. ಕಿಟಕಿ ತೆರೆದಿದ್ದರೆ ಹೇಗೋ ಉಸಿರಾಡಬಹುದಿತ್ತು.

"ಹಳದಿ ಬಂತು ಅಂತ ಹೊರಗಿಂದ ಕೂಗೋರು. ನಾವು ಮುಚ್ಚಳ ಎಳೀತಿದ್ವಿ. ಆದ್ರೆ ತೊಗಲು ತಿರುವಿ ಹಾಕ್ಬೇಕಲ್ಲ, ಮುಚ್ಚಳದ ಸಂದೀಲಿ ತಲೆ ತೂರಿಸಿ ಕೋಲು ಆಡ್ಸೋದು. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗೆ. ಗಂಟಲು ಕಟ್ಟೋದು. ಅಪ್ಪ ಒದ್ದೆ ಬಟ್ಟೆ ಬಾಯಿಗೆ ಕಟ್ಕೊಂಡು ಬೈಯೋನು. ಯಾರನ್ನ ಗೊತ್ತಾ? ಇವಳನ್ನ. 'ಇವತ್ತೂ ಎಳೆದ್ಲಾ ನನ್ನ ಮಗಳು' ಅಂತ."

"ಅದನ್ನ ನಂಗೆ ಒಂದು ದಿನವೂ ಹೇಳ್ಲಿಲ್ಲ ಅಪ್ಪ" ಎನ್ನುತ್ತಾರೆ ಅಕ್ಕ ಪರದೆಯ ಆಚೆಯಿಂದ.

"ಹೇಳಿದ್ರೆ ಏನ್ ಮಾಡ್ತಿದ್ದೆ? ಕೆಲಸ ಬಿಡ್ತಿದ್ಯಾ?"

ಪರದೆಯ ಆಚೆ ಅಕ್ಕ ಬಟ್ಟೆ ಕೊಡವಿ ಮಡಿಸುವ ಸದ್ದು ಕೇಳುತ್ತದೆ.

ಕಿಟಕಿ ಮುಚ್ಚಿದ ಮೇಲೆ ಒಳಗಿದ್ದವರಿಗೆ ಹೊರಗೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ಬಾವುಟ ಏರಿದೆ ಎಂದರೆ ಗಾಳಿ ಪೂರ್ವದ್ದು ಎಂದೇ ನಂಬಿದ್ದರು. ಎಂಟು ವರ್ಷ ನಂಬಿದರು.

ತಮ್ಮನ ಮದುವೆಯಾದ ವಾರ ಅವರಿಗೆ ಮೊದಲ ಸಲ ಭಾನುವಾರ ರಜೆ ಸಿಕ್ಕಿತು. ಸಾಬೂನಿನ ಅರ್ಧ ಬಿಲ್ಲೆ ಸವೆಯುವವರೆಗೆ ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು, ಹೆಂಡತಿಯನ್ನು ಕರೆದುಕೊಂಡು ಕೆರೆದಂಡೆಯ ತೋಟಕ್ಕೆ ಹೋದರು. ಅಕ್ಕ ಕೆಲಸ ಮಾಡುವ ಜಾಗವನ್ನು ತೋರಿಸಬೇಕಿತ್ತು. ಮಂಟಪದಲ್ಲಿ ವಾದ್ಯ ನಡೆದಿತ್ತು, ಬೆಂಚುಗಳು ತುಂಬಿದ್ದವು. ದೂರದಿಂದಲೇ ಅವರನ್ನು ಕಂಡು ಅಕ್ಕ ಕೈಬೀಸಿದರು.

ಆಮೇಲಿನದನ್ನು ಅಕ್ಕ ನಿಧಾನವಾಗಿ ಹೇಳುತ್ತಾರೆ.

"ಇಬ್ರೂ ನಡ್ಕೊಂಡು ಬರ್ತಿದ್ರು. ಮೊದಲನೇ ಬೆಂಚಿನ ಹೆಂಗಸು ಮಗೂನ ಎಳೆದು ಆ ಕಡೆಗೆ ಕೂರಿಸ್ಕೊಂಡ್ಳು, ಕರವಸ್ತ್ರ ತೆಗೆದ್ಳು. ಇವರು ಎರಡನೇ ಬೆಂಚು ದಾಟಿದ್ರು, ಅಲ್ಲಿ ಎರಡು ಕರವಸ್ತ್ರ. ಮೂರನೇದು, ನಾಲ್ಕನೇದು. ಇವರು ಬಂದ ಹಾಗೆ ಕರವಸ್ತ್ರ ಏಳ್ತಾ ಬಂತು. ನನ್ನ ಕೈ ಅದರ ಪಾಡಿಗೆ ಅದು ಹಗ್ಗ ಎಳೀತು. ಅಷ್ಟೊತ್ತಿಗೆ ಇವನು ಬಂದು ಕಂಬದ ಹತ್ರ ನಿಂತ. ತಲೆ ಎತ್ತಿ ನೋಡ್ದ."

ಬಾವುಟದ ತುದಿ ಕಾರ್ಖಾನೆಯ ಕಡೆಗೆ ಹಾರುತ್ತಿತ್ತು.

ಗಾಳಿ ತೋಟದಿಂದ ಕಾರ್ಖಾನೆಗೆ ಬೀಸುತ್ತಿತ್ತು. ಆಚೆ ದಡದ ನಾತ ಈಚೆಗೆ ಬರುವ ಮಾತೇ ಇರಲಿಲ್ಲ. ಎಂಟು ವರ್ಷ ಆ ಕಂಬದ ಬುಡದಲ್ಲಿ ನಿಂತ ಅಕ್ಕ ಒಂದು ದಿನವೂ ತಲೆ ಎತ್ತಿ ಬಾವುಟವನ್ನು ನೋಡಿರಲಿಲ್ಲ. ಅವರ ಕಣ್ಣೆಲ್ಲ ಮುಖಗಳ ಮೇಲಿತ್ತು.

ಹೊಸ ಹೆಂಡತಿ ಗಂಡನನ್ನು ಕೇಳಿದರು, ಅತ್ತಿಗೆ ಆ ಬಟ್ಟೆ ಯಾಕೆ ಏರಿಸಿದ್ದು ಎಂದು.

"ನಮ್ಮನ್ನ ನೋಡಿ ಅಂದೆ" ಎನ್ನುತ್ತಾರೆ ತಮ್ಮ. "ಅಷ್ಟೇ ಅಂದಿದ್ದು. ವಾಪಸ್ ಬಂದ್ವಿ. ವಾದ್ಯ ಕೂಡ ಪೂರ್ತಿ ಕೇಳ್ಲಿಲ್ಲ ಇವಳು."

"ಏನೋ ನುಡಿಸ್ತಿದ್ರು, ಚೆನ್ನಾಗಿತ್ತು" ಎನ್ನುತ್ತಾರೆ ಹೆಂಡತಿ.

ತಮ್ಮ ಆಮೇಲೆ ಕೆರೆದಂಡೆಗೆ ಕಾಲಿಟ್ಟಿಲ್ಲ. ಮನೆಯಿಂದ ಅಲ್ಲಿಗೆ ಕಾಲು ಗಂಟೆಯ ದಾರಿ. ಅಕ್ಕನ ಜೊತೆ ಮಾತು ಬಿಡಲಿಲ್ಲ, ಒಂದೇ ಮನೆಯಲ್ಲಿ ಉಂಡರು, ಕಾಯಿಲೆಯಾದಾಗ ಒಬ್ಬರನ್ನೊಬ್ಬರು ನೋಡಿಕೊಂಡರು. ಕೆರೆಯ ಸುದ್ದಿ ಮಾತ್ರ ಬರಲಿಲ್ಲ.

ಬಾವುಟ ತಪ್ಪಾಗಿ ಏರಿದ್ದು ಆ ಭಾನುವಾರ ಅಕ್ಕನಿಗೂ ತಿಳಿಯಿತು. ಆದರೂ ಅವರು ಅದನ್ನು ಇಳಿಸಲಿಲ್ಲ. ಒಂದು ಗಂಟೆಯ ನಿಯಮ ಮುರಿಯಬಹುದಿತ್ತು. ಮ್ಯಾನೇಜರು ಮಂಟಪದ ಹತ್ತಿರವೇ ಇದ್ದರು, ಹೋಗಿ ಹೇಳಬಹುದಿತ್ತು. ಹೇಳಿದರೆ ಮೂಗಿನಕ್ಕನಿಗೆ ಮೂಗಿಲ್ಲ ಎಂದು ಬಯಲಾಗುತ್ತಿತ್ತು, ಚಪ್ಪಲಿ ಹಾಕಿಕೊಂಡು ಹೋಗುವ ಕೆಲಸ ತಪ್ಪುತ್ತಿತ್ತು. ಆಚೆ ದಡದಲ್ಲಿ ತಮ್ಮನ ಬದಲಿಗೆ ಇನ್ನೊಬ್ಬ ಆಳು ಇದ್ದ. ಅಪ್ಪ ತನ್ನ ಜಾಗದಲ್ಲೇ ಇದ್ದರು.

"ಒಂದು ಗಂಟೆ ನಿಂತೆ. ಬಾವುಟ ಅತ್ತ ಹಾರ್ತಾ ಇದೆ, ಕಿಟಕಿಗಳೆಲ್ಲ ಮುಚ್ಚಿವೆ, ನಂಗೆ ಕಾಣ್ತಾ ಇದೆ. ಮೊದಲಿಂದು ಗೊತ್ತಿಲ್ದೆ ಮಾಡಿದ್ದು ಅಂತ ಸಮಾಧಾನ ಹೇಳ್ತಾರೆ ಕೆಲವರು. ಆ ಒಂದು ಗಂಟೆ? ಅದು ಗೊತ್ತಿದ್ದೇ ಮಾಡಿದ್ದು."

ಅಪ್ಪ ಆ ಸಂಜೆ ಗೋಡೆ ಹಿಡಿದುಕೊಂಡು ಮನೆಗೆ ಬಂದರು. ವರ್ಷ ಕಳೆಯುವುದರೊಳಗೆ ಎರಡೂ ಕಣ್ಣು ಹೋದವು. ಅದು ಆ ಒಂದು ದಿನದಿಂದಲೇ ಆಯಿತು ಎಂದು ಹೇಳುವಂತಿಲ್ಲ, ವೈದ್ಯರೂ ಹೇಳಲಿಲ್ಲ. ಆ ದಿನದಿಂದಲ್ಲ ಎಂದೂ ಯಾರೂ ಹೇಳಲಿಲ್ಲ.

ಮರುದಿನದಿಂದ ಅಕ್ಕ ಬೆಂಚುಗಳಿಗೆ ಬೆನ್ನು ಹಾಕಿ ನಿಂತರು. ನೀರಿನ ನಿರಿಗೆ, ಮರದ ತುದಿ, ಹೋಟೆಲಿನ ಒಲೆಯ ಹೊಗೆ, ಇವನ್ನು ನೋಡಿ ಗಾಳಿ ಓದಲು ಕಲಿತರು. ಪೂರ್ವದ ಗಾಳಿ ಇದ್ದರೆ ಮಾತ್ರ ಹಗ್ಗ ಎಳೆದರು. ಬಾವುಟ ಏರುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಆಗ ದೂರುಗಳು ಶುರುವಾದವು. ಸಾಲುಮನೆಯ ಯಾರಾದರೂ ತೋಟದ ಅಂಚಿನಲ್ಲಿ ಹಾದುಹೋದರೆ ಅತಿಥಿಗಳು ನಾತ ಎಂದು ಮ್ಯಾನೇಜರಿಗೆ ಹೇಳುತ್ತಿದ್ದರು. ಮ್ಯಾನೇಜರು ಬಂದು "ಏನಮ್ಮಾ, ಮೂಗು ಮೊಂಡಾಯ್ತಾ?" ಎಂದು ಬೈಯುತ್ತಿದ್ದರು. ತಪ್ಪು ಮಾಡಿದ ಎಂಟು ವರ್ಷ ಶಹಬ್ಬಾಸ್ ಎನಿಸಿಕೊಂಡವರು ಸರಿ ಮಾಡಿದ ವರ್ಷಗಳಲ್ಲಿ ಬೈಸಿಕೊಂಡರು. ಕಾರ್ಖಾನೆ ಮುಚ್ಚಿದ ಮೇಲೆ ಪುರಸಭೆ ದೋಣಿಗಳನ್ನು ವಹಿಸಿಕೊಂಡಿತು, ಕಂಬವನ್ನೂ ಅಕ್ಕನನ್ನೂ ಅದರ ಜೊತೆಗೇ ವಹಿಸಿಕೊಂಡಿತು. ಹಳದಿ ಹೋಗಿ ಬಿಳಿ, ಕೆಂಪು ಬಂದವು.

ಈಗ ಊರಿನ ಎಪ್ಪತ್ತು ವರ್ಷದ ಸಮಾರಂಭ. ಹಳೆಯ ತೊಟ್ಟಿಮನೆಗೆ ಸುಣ್ಣ ಹೊಡೆದು, ನೆಲಕ್ಕೆ ಕಲ್ಲು ಹಾಸಿ, ಊರಿನ ಆರಂಭದ ದಿನಗಳ ಪ್ರದರ್ಶನ ಮಾಡಿದ್ದಾರೆ. ಮೊದಲ ದೋಣಿ ಇದೆ, ವಾದ್ಯದವರ ಟೋಪಿಗಳಿವೆ. ಹಳೆಯ ಬಾವುಟ ಸಿಗದ್ದಕ್ಕೆ ಹೊಸದೊಂದು ಹೊಲಿಸಿದ್ದಾರೆ, ರೇಷ್ಮೆಯದು. ಈ ಪೇಪರು ನಿಮ್ಮ ಕೈಗೆ ಬರುವ ಇವತ್ತು, ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಮೂಗಿನಕ್ಕ ಅದನ್ನು ಏರಿಸಿದರೆ ಸಮಾರಂಭ ಶುರು. ಕಂಬದ ಬುಡದಲ್ಲಿ ಹೊಸ ಫಲಕವೂ ಬಂದಿದೆ. "ನಮ್ಮ ಊರಿನ ಚಿನ್ನದ ಮೂಗು ಅತಿಥಿಗಳ ಸಂತೋಷವನ್ನು ಹೀಗೆ ಕಾಯುತ್ತಿತ್ತು" ಎಂದು ಅದರಲ್ಲಿ ಬರೆದಿದೆ.

ಅಕ್ಕ ಕಳೆದ ವಾರ ಪುರಸಭೆಗೆ ಹೋಗಿ ಸಮಾರಂಭದ ಕಾರ್ಯದರ್ಶಿಯ ಮುಂದೆ ನಿಂತು, ತನಗೆ ಮೂಗೇ ಇಲ್ಲ ಎಂದು ಹೇಳಿದರು. ಇಡೀ ಕೋಣೆ ನಕ್ಕಿತು.

"ಈಗ ನಾತವೂ ಇಲ್ವಲ್ಲ ಅಕ್ಕ, ಬಿಡಿ" ಎಂದರಂತೆ ಕಾರ್ಯದರ್ಶಿ. "ನೀವು ಹಗ್ಗ ಎಳೆದ್ರೆ ಸಾಕು."

ಅಕ್ಕ ಇನ್ನೊಂದು ಕೇಳಿದರು. ಬಾವುಟ ಏರಿದಾಗ ಒಳಗೆ ಯಾರಿದ್ದರು, ಅವರಿಗೇನಾಯಿತು, ಇದನ್ನು ಫಲಕದ ಕೆಳಗೆ ಒಂದು ಸಾಲು ಬರೆಸಿ ಎಂದರು. ಫಲಕದಲ್ಲಿ ಜಾಗವಿಲ್ಲ, ಸಂತೋಷದ ದಿನ ಅಂಥದ್ದೆಲ್ಲ ಬೇಡ ಎಂಬ ಉತ್ತರ ಬಂತು. ಫಲಕದ ಕೆಳಗಿನ ಅರ್ಧ ಖಾಲಿ ಇದೆ. ಹೋಗಿ ನೋಡಬಹುದು. ಅಲ್ಲಿ ಒಂದು ಹೂವಿನ ಬಳ್ಳಿಯ ಚಿತ್ರ ಬಿಡಿಸಿದ್ದಾರೆ.

ಅಕ್ಕ ಇವತ್ತು ಹಳದಿ ಬಾವುಟ ಏರಿಸುವುದಿಲ್ಲ. ಬೆಳಿಗ್ಗೆ ಎಂದಿನಂತೆ ಬಿಳಿಯೋ ಕೆಂಪೋ ಏರಿಸಿ ಮನೆಗೆ ಬರುತ್ತಾರೆ. ದೋಣಿಕಟ್ಟೆಯ ಕೆಲಸ ಕೊಡುವುದೂ ಅದೇ ಪುರಸಭೆ. ನಾಳೆ ಆ ಕೆಲಸ ಇರಲಿಕ್ಕಿಲ್ಲ ಎಂದು ಅಕ್ಕನಿಗೆ ಗೊತ್ತಿದೆ.

"ಧೈರ್ಯ ಗೀರ್ಯ ಅಂತ ಬರೀಬೇಡಿ. ಧೈರ್ಯ ಬೇಕಾಗಿದ್ದು ಆ ಒಂದು ಗಂಟೆಗೆ. ಅವತ್ತು ಇರ್ಲಿಲ್ಲ. ಈಗ ಇರೋದು ನಾಚಿಕೆ. ಆ ರೇಷ್ಮೆ ಬಟ್ಟೆ ಮುಟ್ಟಿದ್ರೆ ಅದೂ ಹೋಗ್ಬಿಡುತ್ತೆ."

"ಆ ಸಾಲು ಏನು ಅಂತ ಹೇಳು. ಫಲಕದಲ್ಲಿ ಜಾಗ ಇಲ್ದಿದ್ರೆ ಪೇಪರಿನಲ್ಲಿ ಇರ್ಬಹುದು" ಎನ್ನುತ್ತಾರೆ ತಮ್ಮ, ಹಳದಿ ಚೌಕವನ್ನು ಕಣ್ಣಿಗೊತ್ತಿಕೊಂಡು.

ಅಕ್ಕ ಪರದೆ ಸರಿಸಿ ಈಚೆ ಬರುತ್ತಾರೆ. ಪಾಠ ಒಪ್ಪಿಸುವವರ ಹಾಗೆ ನಿಂತು ಹೇಳುತ್ತಾರೆ. "ಒಳಗೆ ಹನ್ನೊಂದು ಜನ ಇದ್ರು. ಕಣ್ಣು ಹೋಗಿದ್ದು ಇಬ್ಬರದು. ಐವತ್ತು ತುಂಬೋ ಮೊದಲೇ ಎದೆ ಕಟ್ಟಿ ಸತ್ತಿದ್ದು ನಾಲ್ವರು. ಮೂಗು ಹೋಗಿದ್ದು ಹನ್ನೊಂದೂ ಜನದ್ದು."

ತಮ್ಮ ಅಕ್ಕನ ಮುಖ ನೋಡುತ್ತಾರೆ. ಅಕ್ಕ ಕಿಟಕಿಯ ಆಚೆ ನೋಡುತ್ತಿದ್ದಾರೆ.

"ನಿಂದ್ಯಾಕೆ ಬಿಟ್ಟೆ? ಸೇರಿಸು."

ಆದ್ದರಿಂದ ಆ ಸಾಲು ಹೀಗೆ: ಕಣ್ಣು ಹೋದವರು ಇಬ್ಬರು. ಸತ್ತವರು ನಾಲ್ವರು. ಮೂಗು ಕಳೆದುಕೊಂಡವರು ಹನ್ನೆರಡು ಮಂದಿ.